ಬಲೆ ಬಿಟ್ಟವರು, ಪೀಠದ ಆಸೆ ಬಿಡದವರು

ಮಾರ್ಕನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಗೆರಸೇನರ ಸೀಮೆಯ ಒಬ್ಬ ಮನುಷ್ಯ ಬರುತ್ತಾನೆ. ದೆವ್ವ ಹಿಡಿದು ಸಮಾಧಿಗಳ ನಡುವೆ ಅಲೆಯುತ್ತಿದ್ದವನು ವಾಸಿಯಾದ ಮೇಲೆ, ದೋಣಿ ಹತ್ತುತ್ತಿದ್ದ ಯೇಸುವಿನ ಬಳಿ ತನ್ನನ್ನೂ ಜೊತೆಗೆ ಕರೆದೊಯ್ಯಿರಿ ಎಂದು ಬೇಡಿಕೊಳ್ಳುತ್ತಾನೆ. ಯೇಸು ಒಪ್ಪುವುದಿಲ್ಲ. ಮನೆಗೆ ಹೋಗಿ ನಿನ್ನವರಿಗೆ ನಡೆದದ್ದನ್ನು ತಿಳಿಸು ಎಂದು ಕಳಿಸಿಬಿಡುತ್ತಾರೆ. ಅದೇ ಪುಸ್ತಕದ ಹತ್ತನೆಯ ಅಧ್ಯಾಯದಲ್ಲಿ ಇನ್ನೊಬ್ಬ ಓಡಿಬಂದು ಮೊಣಕಾಲೂರುತ್ತಾನೆ. ಆಜ್ಞೆಗಳನ್ನೆಲ್ಲ ಚಿಕ್ಕಂದಿನಿಂದ ಪಾಲಿಸಿದವನು. ಇದ್ದದ್ದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ಬಾ ಎಂದು ಯೇಸುವೇ ಕರೆದರೂ ಅವನು ಮುಖ ಬಾಡಿಸಿಕೊಂಡು ಹೊರಟುಹೋಗುತ್ತಾನೆ. ಅವನಿಗೆ ಬಹಳ ಆಸ್ತಿಯಿತ್ತು. ಬರುತ್ತೇನೆಂದವನನ್ನು ಕರೆದುಕೊಳ್ಳಲಿಲ್ಲ, ಕರೆಸಿಕೊಂಡವನು ಬರಲಿಲ್ಲ.

ಹಾಗಾದರೆ ಶಿಷ್ಯ ಯಾರು? ಎರಡು ಸಾವಿರ ವರ್ಷಗಳಿಂದ ಕ್ರೈಸ್ತ ಸಭೆ ಈ ಪ್ರಶ್ನೆಯ ಸುತ್ತ ತಿರುಗುತ್ತಲೇ ಇದೆ. ಸಾಮಾನ್ಯವಾಗಿ ಉತ್ತರವನ್ನು ತ್ಯಾಗದ ಲೆಕ್ಕದಲ್ಲಿ ಹುಡುಕುತ್ತಾರೆ: ಆಸ್ತಿ ಬಿಟ್ಟನೇ, ಮನೆ ಬಿಟ್ಟನೇ, ಕುಲ ಬಿಟ್ಟನೇ ಎಂದು. ಗ್ರಂಥದಲ್ಲಿ ಆ ಲೆಕ್ಕವೂ ಇದೆ. ಆದರೆ ಹೊಸ ಒಡಂಬಡಿಕೆಯನ್ನು ಒಟ್ಟಾಗಿ ಓದಿದರೆ ಅದು ಹೆಚ್ಚು ಹೊತ್ತು ನಿಲ್ಲುವುದು ಇನ್ನೊಂದು ಪ್ರಶ್ನೆಯ ಮೇಲೆ. ಎಲ್ಲ ಬಿಟ್ಟು ಬಂದವನು ಬರುವಾಗ ಜೊತೆಗೆ ಏನನ್ನು ಹೊತ್ತು ತಂದ? ದೋಣಿ, ಬಲೆ, ಸುಂಕದ ಕಟ್ಟೆ ಇವೆಲ್ಲ ಮೊದಲ ದಿನವೇ ಕೈಬಿಟ್ಟವು. ಮೊದಲ ಸಾಲಿನಲ್ಲಿ ಕೂರುವ ಆಸೆ ಮಾತ್ರ ಯೆರೂಸಲೇಮಿನ ತನಕ ಜೊತೆಗೇ ನಡೆಯಿತು. ಶಿಷ್ಯತ್ವದ ಪಾಠಗಳಲ್ಲಿ ಹೆಚ್ಚಿನವು ಈ ಆಸೆಯ ಜೊತೆಗಿನ ಗುದ್ದಾಟವೇ.

ಹುಡುಕಿ ಬಂದವರು, ಕರೆಸಿಕೊಂಡವರು

ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗಿದ್ದು ಯೇಸು ಒಬ್ಬರೇ ಅಲ್ಲ. ಸ್ನಾನಿಕನಾದ ಯೋಹಾನನಿಗೆ ಶಿಷ್ಯರಿದ್ದರು, ಫರಿಸಾಯರಿಗೂ ಇದ್ದರು. ಧರ್ಮಶಾಸ್ತ್ರ ಕಲಿಯಬೇಕೆಂದವನು ತನಗೆ ಒಪ್ಪುವ ಗುರುವನ್ನು ಅರಸಿಕೊಂಡು ಹೋಗುವುದು ಯೆಹೂದಿ ಸಮಾಜದ ರೂಢಿ. ನಮ್ಮ ಗುರುಕುಲದ ಕಥೆಗಳಲ್ಲೂ ಹಾಗೆಯೇ. ಮೊದಲ ಮೂರು ಸುವಾರ್ತೆಗಳಲ್ಲಿ ಇದು ತಿರುಗುಮುರುಗಾಗುತ್ತದೆ. ಗಲಿಲಾಯ ಸಮುದ್ರದ ದಡದಲ್ಲಿ ಸೀಮೋನ, ಅಂದ್ರೆಯ ಬಲೆ ಬೀಸುತ್ತಿದ್ದರು. ಜೆಬೆದಾಯನ ಮಕ್ಕಳಾದ ಯಾಕೋಬ, ಯೋಹಾನ ದೋಣಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದರು. ಗುರುವೇ ಬಂದು ಕರೆದ. ಅವರು ಎದ್ದು ನಡೆದರು. ಇಲ್ಲಿ ಮಾರ್ಕ ಒಂದು ಚಿಕ್ಕ ವಿವರ ಸೇರಿಸುತ್ತಾನೆ: ಅಣ್ಣತಮ್ಮಂದಿರು ತಂದೆಯನ್ನು ಕೂಲಿಯಾಳುಗಳ ಜೊತೆ ದೋಣಿಯಲ್ಲೇ ಬಿಟ್ಟು ಹೋದರು. ಆಳು ಇಟ್ಟುಕೊಳ್ಳುವಷ್ಟು ಅನುಕೂಲವಿದ್ದ ಮನೆ ಅದು. ಈ ಇಬ್ಬರ ಹೆಸರು ಮುಂದೆ ಮತ್ತೆ ಬರುತ್ತದೆ.

ಜರ್ಮನಿಯ ವಿದ್ವಾಂಸ ಮಾರ್ಟಿನ್ ಹೆಂಗೆಲ್ 1968ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಕರೆಯ ಮೂಲಮಾದರಿ ಪಾಠಶಾಲೆಯ ಗುರುವಿನಲ್ಲಿಲ್ಲ, ಪ್ರವಾದಿ ಎಲೀಯನಲ್ಲಿದೆ ಎಂದು ವಾದಿಸಿದರು. ಅರಸುಗಳ ಮೊದಲನೆಯ ಪುಸ್ತಕದಲ್ಲಿ ಎಲೀಷ ಹನ್ನೆರಡು ಜೋಡಿ ಎತ್ತು ಹೂಡಿ ಉಳುತ್ತಿರುವಾಗ ಎಲೀಯ ಬಂದು ಅವನ ಮೇಲೆ ತನ್ನ ಕಂಬಳಿ ಹಾಕಿ ಮುಂದೆ ನಡೆಯುತ್ತಾನೆ. ಎಲೀಷ ಎತ್ತುಗಳನ್ನು ಕಡಿದು, ನೊಗದ ಕಟ್ಟಿಗೆಯಲ್ಲೇ ಬೇಯಿಸಿ, ಊರಿನವರಿಗೆ ಊಟ ಹಾಕಿ ಹೊರಡುತ್ತಾನೆ. ಹಿಂದಿರುಗಿ ಬರಲು ನೊಗವನ್ನೂ ಉಳಿಸಿಕೊಳ್ಳಲಿಲ್ಲ. ಆದರೂ ತಂದೆತಾಯಿಗೆ ಮುತ್ತಿಟ್ಟು ಬರಲು ಅವನು ಕೇಳಿದಾಗ ಎಲೀಯ ತಡೆಯಲಿಲ್ಲ. ಲೂಕನ ಒಂಬತ್ತನೆಯ ಅಧ್ಯಾಯದಲ್ಲಿ ಒಬ್ಬ ಅಂಥದೇ ಅಪ್ಪಣೆ ಕೇಳಿದರೆ, ನೇಗಿಲಿಗೆ ಕೈಹಾಕಿ ಹಿಂದಕ್ಕೆ ನೋಡುವವನು ದೇವರ ರಾಜ್ಯಕ್ಕೆ ತಕ್ಕವನಲ್ಲ ಎಂಬ ಖಡಕ್ ಉತ್ತರ ಸಿಗುತ್ತದೆ. ಮೂಲಮಾದರಿಗಿಂತ ಇಲ್ಲಿನ ಪಟ್ಟು ಬಿಗಿಯಾಗಿದೆ.

ಯೋಹಾನನ ಸುವಾರ್ತೆಯ ಚಿತ್ರ ಬೇರೆ. ಅಲ್ಲಿ ಮೊದಲ ಶಿಷ್ಯರು ಸ್ನಾನಿಕನ ಬಳಗದಿಂದಲೇ ಬರುತ್ತಾರೆ. ಎಲ್ಲಿ ಇಳಿದುಕೊಂಡಿದ್ದೀರಿ ಎಂದು ವಿಚಾರಿಸಿ, ಆ ದಿನ ಅಲ್ಲೇ ಇರುತ್ತಾರೆ. ಅಂದ್ರೆಯ ಅಣ್ಣ ಸೀಮೋನನನ್ನು ಕರೆತರುತ್ತಾನೆ, ಫಿಲಿಪ್ಪ ಗೆಳೆಯ ನತಾನಯೇಲನನ್ನು ಕರೆತರುತ್ತಾನೆ. ಸಿಡಿಲು ಹೊಡೆದಂಥ ಕರೆಗಿಂತ ನೆಂಟಸ್ತಿಕೆ, ಗೆಳೆತನದ ಹಾದಿ ಇಲ್ಲಿ ಮುಖ್ಯ. ಮನೆತನದಿಂದ ನಂಬಿಕೆಗೆ ಬಂದವರಿಗೂ ಒಂದೇ ಕ್ಷಣದಲ್ಲಿ ತಿರುಗಿ ಬಿದ್ದವರಿಗೂ ಗ್ರಂಥದಲ್ಲಿ ಜಾಗವಿದೆ.

ನಾಲ್ಕು ಸುವಾರ್ತೆ, ನಾಲ್ಕು ಒತ್ತು

ಮತ್ತಾಯನಿಗೆ ಶಿಷ್ಯನೆಂದರೆ ಕಲಿಯುವವನು. ಪರ್ವತ ಪ್ರಸಂಗದಿಂದ ಹಿಡಿದು ಅಂತ್ಯಕಾಲದ ಮಾತುಗಳವರೆಗೆ ಯೇಸುವಿನ ಬೋಧನೆಯನ್ನು ಅವನು ಐದು ದೊಡ್ಡ ಪ್ರಸಂಗಗಳಾಗಿ ಜೋಡಿಸಿದ್ದಾನೆ. ಬೆಟ್ಟದ ಮೇಲೆ ಹೇಳಿದ್ದನ್ನು ಕೇಳಿ ಅದರಂತೆ ನಡೆಯುವವನು ಬಂಡೆಯ ಮೇಲೆ ಮನೆ ಕಟ್ಟಿದವನು; ಕೇಳಿ ಸುಮ್ಮನಿರುವವನ ಮನೆ ಮರಳಿನ ಮೇಲೆ. ಪುಸ್ತಕದ ಕೊನೆಗೆ ಗಲಿಲಾಯದ ಬೆಟ್ಟದಲ್ಲಿ ಉಳಿದ ಹನ್ನೊಂದು ಮಂದಿ ಅಡ್ಡಬೀಳುವಾಗಲೂ ಕೆಲವರಿಗೆ ಸಂದೇಹವಿತ್ತು ಎಂದು ಮತ್ತಾಯ ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಸಂದೇಹ ತೀರಿದ ಮೇಲೆ ಕೆಲಸ ಕೊಡುತ್ತೇನೆ ಎನ್ನುವ ಗುರು ಅಲ್ಲಿಲ್ಲ. ಆ ಹನ್ನೊಂದು ಮಂದಿಯನ್ನೇ ಎಲ್ಲ ಜನಾಂಗಗಳ ಬಳಿಗೆ ಕಳಿಸಲಾಗುತ್ತದೆ.

ಲೂಕನ ಕಣ್ಣು ಹಣದ ಮೇಲೆ. ಹದಿನಾಲ್ಕನೆಯ ಅಧ್ಯಾಯದಲ್ಲಿ ಯೇಸು ತಮ್ಮ ಹಿಂದೆ ಬರುತ್ತಿದ್ದ ಜನಜಂಗುಳಿಯತ್ತ ತಿರುಗಿ, ಮೊದಲು ಕೂತು ಲೆಕ್ಕ ಹಾಕಿ ಎನ್ನುತ್ತಾರೆ. ಗೋಪುರ ಕಟ್ಟುವವನು ಖರ್ಚು ಅಂದಾಜು ಮಾಡದೆ ಅಡಿಪಾಯ ಹಾಕಿದರೆ ನೋಡಿದವರೆಲ್ಲ ನಗುತ್ತಾರೆ; ಹತ್ತು ಸಾವಿರ ಜನರ ಅರಸ ಇಪ್ಪತ್ತು ಸಾವಿರದವನ ಮೇಲೆ ಯುದ್ಧಕ್ಕೆ ಹೊರಡುವ ಮೊದಲು ಆಲೋಚಿಸಬೇಕು. ಜನ ಸೇರಿದಾಗ ಹುರಿದುಂಬಿಸುವ ಬದಲು ತಣ್ಣೀರೆರಚುವ ಮಾತು ಇದು. ಆದರೆ ಎಲ್ಲರಿಗೂ ಒಂದೇ ದರ ಎಂದು ಲೂಕ ಹೇಳುವುದಿಲ್ಲ. ಐಶ್ವರ್ಯವಂತನಾದ ಅಧಿಕಾರಿಗೆ ಎಲ್ಲವನ್ನೂ ಮಾರಲು ಹೇಳಿದ ಯೇಸು, ಯೆರಿಕೋವಿನ ಸುಂಕದ ಮುಖ್ಯಸ್ಥ ಜಕ್ಕಾಯ ಅರ್ಧ ಆಸ್ತಿಯನ್ನು ಬಡವರಿಗೆ ಕೊಟ್ಟು, ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದಾಗ ಉಳಿದರ್ಧದ ಮಾತೆತ್ತುವುದಿಲ್ಲ. ಬೇಥಾನ್ಯದ ಮಾರ್ಥ ಮರಿಯಳು ಮನೆ ಬಿಡಲಿಲ್ಲ. ಆ ಮನೆಯ ಬಾಗಿಲು ತೆರೆದಿದ್ದರಿಂದಲೇ ಊರೂರು ತಿರುಗುವವರಿಗೆ ತಂಗಲು ಜಾಗ ಸಿಕ್ಕಿತು.

ಯೋಹಾನನ ಒತ್ತು ನೆಲೆಸುವುದರ ಮೇಲೆ, ಒಬ್ಬರನ್ನೊಬ್ಬರು ಪ್ರೀತಿಸುವುದರ ಮೇಲೆ. ಹೊರಗಿನವರು ಶಿಷ್ಯರನ್ನು ಗುರುತಿಸುವುದು ಆ ಪ್ರೀತಿಯಿಂದಲೇ ಎಂದು ಕೊನೆಯ ಊಟದ ರಾತ್ರಿ ಯೇಸು ಹೇಳುತ್ತಾರೆ. ಇದೇ ಸುವಾರ್ತೆ ಹೆದರಿದವರನ್ನೂ ಲೆಕ್ಕದಿಂದ ಬಿಡುವುದಿಲ್ಲ. ರಾತ್ರಿ ಹೊತ್ತಿನಲ್ಲಿ ಬಂದು ಮಾತಾಡಿದ ನಿಕೊದೇಮ, ಜನರಿಗೆ ಅಂಜಿ ಗುಟ್ಟಾಗಿ ಶಿಷ್ಯನಾಗಿದ್ದ ಅರಿಮಥಾಯದ ಯೋಸೇಫ ಇಬ್ಬರೂ ಶಿಲುಬೆಯಿಂದ ದೇಹ ಇಳಿಸುವ ಹೊತ್ತಿಗೆ ಮುಂದೆ ಬರುತ್ತಾರೆ. ಬಹಿರಂಗವಾಗಿ ಜೊತೆಗಿದ್ದ ಹೆಚ್ಚಿನವರು ಆಗ ಅಲ್ಲಿರಲಿಲ್ಲ.

ದಾರಿಯ ಮೇಲಿನ ಮೂರು ಪಾಠ

ಶಿಷ್ಯತ್ವದ ಪ್ರಶ್ನೆಗೆ ಅತ್ಯಂತ ಗಟ್ಟಿಯಾದ ಪಠ್ಯ ಮಾರ್ಕನ ಎಂಟರಿಂದ ಹತ್ತನೆಯ ಅಧ್ಯಾಯ. ಇದರ ಕಟ್ಟೋಣವನ್ನು ಹತ್ತಿರದಿಂದ ನೋಡಬೇಕು. ಯೆರೂಸಲೇಮಿನತ್ತ ಸಾಗುವ ದಾರಿಯಲ್ಲಿ ಯೇಸು ಮೂರು ಸಲ ತಮ್ಮ ಮರಣದ ಮಾತೆತ್ತುತ್ತಾರೆ. ಮೂರು ಸಲವೂ ಶಿಷ್ಯರು ಎಡವುತ್ತಾರೆ. ಮೂರು ಸಲವೂ ಪಾಠ ನಡೆಯುತ್ತದೆ.

ಮೊದಲನೆಯದು ಫಿಲಿಪ್ಪನ ಕೈಸರೈಯದ ಹತ್ತಿರ. ನೀವೇ ಕ್ರಿಸ್ತ ಎಂದು ಸರಿಯಾಗಿ ಉತ್ತರಿಸಿದ ಪೇತ್ರ ಮರುಕ್ಷಣದಲ್ಲೇ ಗುರುವನ್ನು ಪಕ್ಕಕ್ಕೆ ಕರೆದು ಗದರುತ್ತಾನೆ. ಕ್ರಿಸ್ತನಾದವನು ಸೋಲಬಾರದು ಎಂಬುದು ಅವನ ಎಣಿಕೆ. ತನ್ನನ್ನು ನಿರಾಕರಿಸಿ ಶಿಲುಬೆ ಹೊತ್ತು ಬರುವ ಮಾತು ಇಲ್ಲಿ ಬರುತ್ತದೆ. ರೋಮನರ ಆಳ್ವಿಕೆಯಲ್ಲಿ ಶಿಲುಬೆ ಭಕ್ತಿಯ ಚಿಹ್ನೆಯಾಗಿರಲಿಲ್ಲ. ಗುಲಾಮರಿಗೂ ದಂಗೆಕೋರರಿಗೂ ಕೊಡುವ ಅತಿ ಹೀನ ಶಿಕ್ಷೆಯಾಗಿತ್ತು. ಎರಡನೆಯದು ಕಪೆರ್ನೌಮಿನ ಮನೆಯಲ್ಲಿ. ದಾರಿಯಲ್ಲಿ ಏನು ಚರ್ಚೆ ನಡೆಸಿದಿರಿ ಎಂದು ಕೇಳಿದರೆ ಹನ್ನೆರಡು ಮಂದಿಯೂ ತುಟಿ ಬಿಚ್ಚುವುದಿಲ್ಲ, ಏಕೆಂದರೆ ನಮ್ಮಲ್ಲಿ ದೊಡ್ಡವನು ಯಾರು ಎಂಬುದೇ ಅವರ ಚರ್ಚೆಯಾಗಿತ್ತು. ಯೇಸು ಒಂದು ಮಗುವನ್ನು ಕರೆದು ನಡುವೆ ನಿಲ್ಲಿಸಿ ಅಪ್ಪಿಕೊಳ್ಳುತ್ತಾರೆ. ಆ ಸಮಾಜದಲ್ಲಿ ಮಗುವಿಗೆ ಸ್ಥಾನಮಾನ ಇರಲಿಲ್ಲ. ಅದನ್ನು ಬರಮಾಡಿಕೊಂಡವನಿಗೆ ಮಾನವೂ ಸಿಗದು, ಲಾಭವೂ ಸಿಗದು.

ಮೂರನೆಯದು ಯೆರಿಕೋವಿಗೆ ಸ್ವಲ್ಪ ಮುಂಚೆ. ಜೆಬೆದಾಯನ ಮಕ್ಕಳು ಹತ್ತಿರ ಬಂದು, ನಾವು ಕೇಳುವುದನ್ನು ನಡೆಸಿಕೊಡಬೇಕು ಎನ್ನುತ್ತಾರೆ. ನಿಮಗಾಗಿ ಏನು ಮಾಡಬೇಕು ಎಂದು ಯೇಸು ಕೇಳುತ್ತಾರೆ. ಮಹಿಮೆಯಲ್ಲಿ ಕೂರುವಾಗ ಒಬ್ಬನಿಗೆ ಬಲಗಡೆ, ಒಬ್ಬನಿಗೆ ಎಡಗಡೆ ಆಸನ ಬೇಕು ಎಂಬುದು ಬೇಡಿಕೆ. ಉಳಿದ ಹತ್ತು ಮಂದಿಗೆ ಸಿಟ್ಟು ಬರುತ್ತದೆ. ತಮಗಿಂತ ಮೊದಲು ಅರ್ಜಿ ಹಾಕಿಬಿಟ್ಟರಲ್ಲ ಎಂಬ ಸಿಟ್ಟೇ ಹೊರತು ಬೇರೆಯಲ್ಲ ಎಂಬಂತೆ ಕಥೆ ಸಾಗುತ್ತದೆ. ಜನಾಂಗಗಳ ಒಡೆಯರು ದೊರೆತನ ನಡೆಸುತ್ತಾರೆ, ನಿಮ್ಮಲ್ಲಿ ಹಾಗಿರಬಾರದು, ಮೊದಲನೆಯವನಾಗಬೇಕೆನ್ನುವವನು ಎಲ್ಲರ ಆಳಾಗಲಿ ಎಂಬ ಪಾಠ ಆಗ ಬರುತ್ತದೆ. ಇದಾದ ಮೇಲೆ ಯೆರಿಕೋವಿನ ದಾರಿಬದಿಯಲ್ಲಿ ಭಿಕ್ಷೆ ಬೇಡುವ ಕುರುಡ ಬಾರ್ತಿಮಾಯ ಕೂಗುತ್ತಾನೆ. ಅಣ್ಣತಮ್ಮಂದಿರಿಗೆ ಕೇಳಿದ ಅದೇ ಪ್ರಶ್ನೆಯನ್ನು ಯೇಸು ಅವನಿಗೂ ಕೇಳುತ್ತಾರೆ: ನಿನಗಾಗಿ ಏನು ಮಾಡಬೇಕು? ಇವನು ಆಸನ ಕೇಳಲಿಲ್ಲ, ಕಣ್ಣು ಕೇಳಿದ. ಕಣ್ಣು ಬಂದ ಕೂಡಲೇ ದಾರಿ ಹಿಡಿದು ಹಿಂದೆ ನಡೆದ. ಒಂದೇ ಪ್ರಶ್ನೆಯನ್ನು ಇಬ್ಬಗೆಯವರ ಮುಂದೆ ಇಟ್ಟು ಮಾರ್ಕ ವ್ಯಾಖ್ಯಾನ ಕೊಡದೆ ಮುಂದೆ ಹೋಗುತ್ತಾನೆ. ಹದಿನೈದನೆಯ ಅಧ್ಯಾಯದಲ್ಲಿ ಶಿಲುಬೆಯ ಬಲಕ್ಕೊಬ್ಬ, ಎಡಕ್ಕೊಬ್ಬ ಕಳ್ಳರನ್ನು ತೂಗುಹಾಕುವಾಗ ಮಾತ್ರ ಓದುಗನಿಗೆ ಆ ಎರಡು ಆಸನಗಳ ನೆನಪಾಗುತ್ತದೆ.

ಶಿಷ್ಯರನ್ನು ಇಷ್ಟು ಮಂಕಾಗಿ ಚಿತ್ರಿಸಿದ್ದೇಕೆ? ಅಮೆರಿಕದ ವಿದ್ವಾಂಸ ಥಿಯೊಡೋರ್ ವೀಡನ್ 1971ರಲ್ಲಿ, ಮಾರ್ಕ ಬೇಕೆಂದೇ ಹನ್ನೆರಡು ಮಂದಿಯ ಮೇಲೆ ದಾಳಿ ಮಾಡುತ್ತಿದ್ದಾನೆ, ಅವರ ಹೆಸರಿನಲ್ಲಿ ಅದ್ಭುತ ಮಹಿಮೆಗಳ ಧರ್ಮ ಬೋಧಿಸುತ್ತಿದ್ದವರನ್ನು ಎದುರಿಸುತ್ತಿದ್ದಾನೆ ಎಂದರು. ರಾಬರ್ಟ್ ಟ್ಯಾನೆಹಿಲ್ 1977ರ ಪ್ರಬಂಧದಲ್ಲಿ ಬೇರೆಯೇ ದಾರಿ ತೋರಿಸಿದರು: ಓದುಗ ಮೊದಲು ಶಿಷ್ಯರ ಜೊತೆ ತನ್ನನ್ನು ಗುರುತಿಸಿಕೊಳ್ಳುತ್ತಾನೆ, ಅವರು ಎಡವಿದಾಗ ತನ್ನ ಎಡವಟ್ಟು ತನಗೇ ಕಾಣುತ್ತದೆ. ಎರಡನೆಯ ಓದು ಹೆಚ್ಚು ಒಪ್ಪುವಂತಿದೆ. ಖಾಲಿ ಸಮಾಧಿಯ ಬಳಿ ಸಿಕ್ಕ ಸಂದೇಶ ಶಿಷ್ಯರಿಗೂ ಪೇತ್ರನಿಗೂ ಮುಟ್ಟಬೇಕು ಎಂದು ಮಾರ್ಕನೇ ಬರೆದಿದ್ದಾನೆ. ದಾಳಿ ಮಾಡುವವನಿಗೆ ಆ ಹೆಸರನ್ನು ಬಿಡಿಯಾಗಿ ಎತ್ತಿ ಹೇಳುವ ಅಗತ್ಯವಿರಲಿಲ್ಲ.

ಪೇತ್ರನ ಎರಡು ಬೆಂಕಿ

ಸೋತವನನ್ನು ಮತ್ತೆ ಎತ್ತಿಕೊಳ್ಳುವ ಪಾಠವನ್ನು ಯೋಹಾನ ಸೂಕ್ಷ್ಮವಾಗಿ ಕಟ್ಟಿದ್ದಾನೆ. ಮಹಾಯಾಜಕನ ಅಂಗಳದಲ್ಲಿ ಚಳಿಗೆ ಇದ್ದಲು ಬೆಂಕಿ ಹಾಕಿದ್ದರು. ಅದರ ಮುಂದೆ ಮೈಕಾಯಿಸಿಕೊಳ್ಳುತ್ತಿದ್ದ ಪೇತ್ರ ಆ ರಾತ್ರಿ ಮೂರು ಸಲ ಯೇಸುವನ್ನು ನಿರಾಕರಿಸಿದ. ಪುನರುತ್ಥಾನದ ನಂತರ ಗಲಿಲಾಯ ಸಮುದ್ರದ ದಡದಲ್ಲಿ ಮತ್ತೆ ಇದ್ದಲು ಬೆಂಕಿ, ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಊಟ ಮುಗಿದ ಮೇಲೆ ಯೇಸು ಮೂರು ಸಲ ಪ್ರೀತಿಯ ಪ್ರಶ್ನೆ ಕೇಳುತ್ತಾರೆ. ಮೂರನೆಯ ಸಲಕ್ಕೆ ಪೇತ್ರನಿಗೆ ನೋವಾಗುತ್ತದೆ. ಪ್ರತಿ ಉತ್ತರಕ್ಕೂ ಬರುವ ಮಾತು ಕ್ಷಮಿಸಿದ್ದೇನೆ ಎಂದಲ್ಲ, ಕುರಿಗಳನ್ನು ಮೇಯಿಸು ಎಂದು. ಕ್ಷಮೆ ಇಲ್ಲಿ ಕೆಲಸದ ರೂಪದಲ್ಲಿ ಸಿಗುತ್ತದೆ.

ಇಷ್ಟಾದ ಮೇಲೂ ಪೇತ್ರ ತಿರುಗಿ ನೋಡಿ, ಹಿಂದೆ ಬರುತ್ತಿದ್ದ ಇನ್ನೊಬ್ಬ ಶಿಷ್ಯನ ಗತಿ ಏನು ಎಂದು ಕೇಳುತ್ತಾನೆ. ಅದು ನಿನಗೇಕೆ, ನೀನು ನನ್ನ ಹಿಂದೆ ಬಾ ಎಂಬುದು ಉತ್ತರ. ಪಕ್ಕದವನ ಪಾಲಿನೊಂದಿಗೆ ತನ್ನ ಪಾಲನ್ನು ತೂಗಿ ನೋಡುವ ಚಾಳಿ ಕೊನೆಯ ಪುಟದ ತನಕ ಬಿಟ್ಟಿಲ್ಲ.

ಹನ್ನೆರಡರ ಆಚೆಯ ಹೆಸರುಗಳು

ಶಿಷ್ಯರೆಂದರೆ ಹನ್ನೆರಡು ಗಂಡಸರು ಎಂಬ ಚಿತ್ರ ಚಿತ್ರಕಲೆಯಿಂದ ಬಂದದ್ದು, ಪಠ್ಯದಿಂದಲ್ಲ. ಲೂಕನ ಎಂಟನೆಯ ಅಧ್ಯಾಯದಲ್ಲಿ ಹನ್ನೆರಡು ಮಂದಿಯ ಜೊತೆಗೇ ಮಗ್ದಲದ ಮರಿಯಳು, ಹೆರೋದನ ಮೇಲ್ವಿಚಾರಕ ಕೂಜನ ಹೆಂಡತಿ ಯೊಹಾನ್ನಳು, ಸುಸನ್ನಳು ಮತ್ತು ಇನ್ನೂ ಅನೇಕ ಹೆಂಗಸರು ಪ್ರಯಾಣ ಮಾಡುತ್ತಾರೆ. ಎಲ್ಲರ ಖರ್ಚನ್ನು ತಮ್ಮ ಹಣದಿಂದ ನೋಡಿಕೊಳ್ಳುತ್ತಾರೆ. ಗಂಡಸರು ಓಡಿಹೋದ ದಿನ ಶಿಲುಬೆಯನ್ನು ದೂರದಿಂದ ನೋಡುತ್ತ ನಿಂತವರು ಈ ಹೆಂಗಸರೇ, ಸಮಾಧಿಗೆ ಮೊದಲು ಹೋದವರೂ ಇವರೇ. ಬೇಥಾನ್ಯದ ಮರಿಯಳು ಯೇಸುವಿನ ಪಾದದ ಬಳಿ ಕೂತು ಕೇಳಿದಳು ಎಂದು ಲೂಕ ಬರೆಯುತ್ತಾನೆ. ಗಮಲಿಯೇಲನ ಪಾದದ ಬಳಿ ಕಲಿತೆ ಎಂದು ಪೌಲ ಹೇಳಿಕೊಳ್ಳುವುದೂ ಲೂಕನದೇ ಎರಡನೆಯ ಪುಸ್ತಕದಲ್ಲಿ. ಅದು ವಿದ್ಯಾರ್ಥಿ ಕೂರುವ ಜಾಗ. ಯೊಪ್ಪದ ತಬಿಥಾ ಶಿಷ್ಯೆ ಎಂದೇ ಕರೆಸಿಕೊಂಡವಳು. ಅವಳು ಸತ್ತಾಗ ವಿಧವೆಯರು ಅವಳು ಹೊಲಿದುಕೊಟ್ಟ ಅಂಗಿಗಳನ್ನು ಪೇತ್ರನಿಗೆ ತೋರಿಸುತ್ತ ಅಳುತ್ತಾರೆ. ಅವಳ ಶಿಷ್ಯತ್ವಕ್ಕೆ ಅದಕ್ಕಿಂತ ಬೇರೆ ಪುರಾವೆ ಬೇಕಿರಲಿಲ್ಲ.

ಎಲಿಸಬೆತ್ ಶ್ಯೂಸ್ಲರ್ ಫಿಯೊರೆಂಜಾ 1983ರಲ್ಲಿ ಬರೆದ ಪುಸ್ತಕ ಈ ಹೆಸರುಗಳನ್ನು ಅಂಚಿನಿಂದ ನಡುವಿಗೆ ತಂದಿತು. ಯೇಸುವಿನ ಚಳವಳಿ ಸಮಾನರ ಶಿಷ್ಯತ್ವವಾಗಿತ್ತು, ನಂತರದ ಸಭೆ ಅದನ್ನು ಮನೆಯ ಯಜಮಾನನ ಮಾದರಿಗೆ ಒಗ್ಗಿಸಿಕೊಂಡಿತು ಎಂಬುದು ಅವರ ವಾದ. ವಾದದ ಎಲ್ಲ ವಿವರಗಳನ್ನೂ ಎಲ್ಲರೂ ಒಪ್ಪಿಲ್ಲ. ಆದರೂ ಪವಿತ್ರ ಗುರುವಾರದ ಪಾದ ತೊಳೆಯುವ ವಿಧಿಯಲ್ಲಿ ಗಂಡಸರ ಪಾದಗಳಿಗಷ್ಟೇ ಇದ್ದ ಅವಕಾಶವನ್ನು ಕಥೋಲಿಕ ಸಭೆ ಹೆಂಗಸರಿಗೂ ವಿಸ್ತರಿಸಿದ್ದು 2016ರಲ್ಲಿ ಎಂಬುದನ್ನು ನೆನೆದರೆ ಆ ಪ್ರಶ್ನೆ ಹಳತಾಗಿಲ್ಲ ಎಂದು ತಿಳಿಯುತ್ತದೆ.

ಊಟದ ಪಂಕ್ತಿಯಲ್ಲಿ ಪರೀಕ್ಷೆ

ಗುರು ಕಣ್ಣಿಗೆ ಕಾಣದಾದ ಮೇಲೆ ಅವನ ಹಿಂದೆ ನಡೆಯುವುದು ಹೇಗೆ? ಪೌಲ ಈ ಪ್ರಶ್ನೆಗೆ ಅನುಸರಣೆಯ ಉತ್ತರ ಕೊಡುತ್ತಾನೆ: ನಾನು ಕ್ರಿಸ್ತನನ್ನು ಅನುಸರಿಸುವಂತೆ ನೀವು ನನ್ನನ್ನು ಅನುಸರಿಸಿ. ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಆ ಮಾದರಿಯನ್ನು ಬಿಡಿಸಿ ಹೇಳುತ್ತಾನೆ. ದೇವಸ್ವರೂಪದಲ್ಲಿದ್ದವನು ತನ್ನನ್ನು ಬರಿದುಮಾಡಿಕೊಂಡು ದಾಸನ ರೂಪ ಧರಿಸಿದ. ಈ ಮಾತು ನಿಜಕ್ಕೂ ಇಳಿಯಿತೇ ಎಂದು ತಿಳಿಯುವುದು ಊಟದ ಹೊತ್ತಿನಲ್ಲಿ. ಕೊರಿಂಥದ ಸಭೆಯಲ್ಲಿ ಕರ್ತನ ಭೋಜನಕ್ಕೆ ಸೇರಿದಾಗ ಒಬ್ಬ ಹಸಿದಿರುತ್ತಿದ್ದ, ಇನ್ನೊಬ್ಬ ಕುಡಿದು ಮತ್ತನಾಗಿರುತ್ತಿದ್ದ. ಬಿಡುವಿದ್ದ ಸಿರಿವಂತರ ಊಟ ಬೇರೆ, ದುಡಿದು ಬರುವ ಬಡವರ ಪಾಲು ಬೇರೆ ಎಂಬ ಸಾಮಾಜಿಕ ಭೇದವೇ ಇದರ ಹಿಂದಿತ್ತು ಎಂದು ಗೆರ್ಡ್ ಥೈಸೆನ್ 1970ರ ದಶಕದಲ್ಲಿ ವಿವರಿಸಿದರು. ಇದು ಕರ್ತನ ಭೋಜನವೇ ಅಲ್ಲ ಎಂದು ಪೌಲ ಕಡ್ಡಿಮುರಿದಂತೆ ಹೇಳುತ್ತಾನೆ. ಯಾಕೋಬನ ಪತ್ರದಲ್ಲೂ ಇಂಥದೇ ದೃಶ್ಯ: ಚಿನ್ನದ ಉಂಗುರ ತೊಟ್ಟವನು ಸಭೆಗೆ ಬಂದರೆ ಒಳ್ಳೆಯ ಜಾಗ ತೋರಿಸುತ್ತಾರೆ, ಹರಕು ಬಟ್ಟೆಯವನಿಗೆ ಅಲ್ಲಿ ನಿಲ್ಲು, ಇಲ್ಲವೇ ಕಾಲ ಬಳಿ ಕೂರು ಎನ್ನುತ್ತಾರೆ. ಜೆಬೆದಾಯನ ಮಕ್ಕಳು ಕೇಳಿದ ಆಸನ ಈಗ ಸಭಾಮಂದಿರದೊಳಗೇ ಬಂದಿತ್ತು.

ಎರಡು ದರ್ಜೆಯ ಶಿಷ್ಯತ್ವ

ನಂತರದ ಶತಮಾನಗಳ ದೊಡ್ಡ ವಿವಾದ, ಈ ಕಠಿಣ ಮಾತುಗಳು ಯಾರಿಗೆ ಅನ್ವಯಿಸುತ್ತವೆ ಎಂಬುದು. ಸುಮಾರು 270ರ ಹೊತ್ತಿಗೆ ಈಜಿಪ್ಟಿನ ಆಂಟನಿ ಎಂಬ ತರುಣ ಚರ್ಚಿನಲ್ಲಿ ಐಶ್ವರ್ಯವಂತನ ಕಥೆಯ ಪಾಠ ಕೇಳಿ, ಅದು ತನಗೇ ಹೇಳಿದ್ದೆಂದು ತಿಳಿದು ತಂದೆಯಿಂದ ಬಂದ ಜಮೀನು ಬಿಟ್ಟು ಮರುಭೂಮಿಗೆ ಹೋದ. ಅವನ ಚರಿತ್ರೆಯನ್ನು ಅಥನಾಸಿಯಸ್ ಬರೆದ ಮೇಲೆ ಆ ದಾರಿಯಲ್ಲಿ ಸಾವಿರಾರು ಜನ ನಡೆದರು. ಕ್ರಮೇಣ ಒಂದು ಏರ್ಪಾಡು ಬೇರೂರಿತು: ಆಜ್ಞೆಗಳು ಎಲ್ಲರಿಗೆ, ಪರಿಪೂರ್ಣತೆಯ ಸಲಹೆಗಳು ಸನ್ಯಾಸಿಗಳಿಗೆ. ಇದರಿಂದ ಶಿಷ್ಯತ್ವ ಉಳಿಯಿತು, ಜೊತೆಗೆ ಶಿಷ್ಯತ್ವವೇ ಒಂದು ದರ್ಜೆಯೂ ಆಯಿತು.

ಮಠದ ಒಳಗೆ ಮಾತ್ರ ಈ ಆಸನದ ರೋಗಕ್ಕೆ ಮದ್ದು ಹುಡುಕಿದವರಿದ್ದರು. ಆರನೆಯ ಶತಮಾನದ ಬೆನೆಡಿಕ್ಟ್ ಬರೆದ ನಿಯಮಾವಳಿಯಲ್ಲಿ ಸಾಲಿನ ಕ್ರಮ ವಯಸ್ಸಿನಿಂದಲೂ ಇಲ್ಲ, ಮನೆತನದಿಂದಲೂ ಇಲ್ಲ. ಮಠಕ್ಕೆ ಬಂದ ದಿನ, ಹೊತ್ತಿನ ಪ್ರಕಾರ. ಹಗಲಿನ ಎರಡನೆಯ ತಾಸಿನಲ್ಲಿ ಬಂದವನು ಎಷ್ಟೇ ದೊಡ್ಡವನಾದರೂ ಮೊದಲ ತಾಸಿನಲ್ಲಿ ಬಂದವನಿಗಿಂತ ಕಿರಿಯ. ಅಡುಗೆಮನೆಯ ಪಾಳಿ ವಾರಕ್ಕೊಬ್ಬರಂತೆ ಎಲ್ಲರಿಗೂ. ವಾರದ ಕೊನೆಗೆ ಶನಿವಾರ ಪಾಳಿ ಮುಗಿಸುವವನು ಪಾತ್ರೆಗಳನ್ನು ಶುಚಿಮಾಡಿ ಒಪ್ಪಿಸಬೇಕು, ಒರೆಸುವ ಬಟ್ಟೆ ಒಗೆಯಬೇಕು, ಪಾಳಿ ಹಿಡಿಯುವವನ ಜೊತೆ ಸೇರಿ ಎಲ್ಲರ ಪಾದ ತೊಳೆಯಬೇಕು. ಯೋಹಾನನ ಹದಿಮೂರನೆಯ ಅಧ್ಯಾಯ ಇಲ್ಲಿ ವಾರದ ಕೆಲಸದ ಪಟ್ಟಿಗೆ ಸೇರಿತು.

ಲೂಥರ್ 1521ರಲ್ಲಿ ಸನ್ಯಾಸದ ಪ್ರತಿಜ್ಞೆಗಳ ಮೇಲೆ ಬರೆದಾಗ ಎರಡು ದರ್ಜೆಯ ಈ ಗೋಡೆಯನ್ನೇ ಕೆಡವಲು ಹೊರಟ. ಗಾಣದ ಮನೆ, ಹೊಲ, ತೊಟ್ಟಿಲು ಎಲ್ಲವೂ ದೇವರ ಕರೆಯ ಜಾಗಗಳಾದವು. ಗಂಡಸು ಮಗುವಿನ ಹೊಲಸು ಬಟ್ಟೆ ಒಗೆದರೆ ಲೋಕ ನಗಬಹುದು, ದೇವರಿಗೂ ದೂತರಿಗೂ ಅದು ಸಂತೋಷ ಎಂದು ಮರುವರ್ಷ ಮದುವೆಯ ಕುರಿತ ಬರಹದಲ್ಲಿ ವಾದಿಸಿದ. ಆದರೆ ಎಲ್ಲರ ಕರೆಯಾದದ್ದು ಕಾಲಕ್ರಮದಲ್ಲಿ ಯಾರ ಕರೆಯೂ ಅಲ್ಲದಂತಾಯಿತು. ಈ ಅಪಾಯವನ್ನು ನೇರವಾಗಿ ಹೇಳಿದವರು ಲೂಥರನ ಪರಂಪರೆಯವರೇ ಆದ ಡೀಟ್ರಿಚ್ ಬೋನ್‌ಹಾಫರ್. ನಾಜಿ ಆಡಳಿತವನ್ನು ಒಪ್ಪದ ಸಭೆಯವರಿಗಾಗಿ ಫಿಂಕನ್‌ವಾಲ್ಡೆಯಲ್ಲಿ ಅವರು ನಡೆಸುತ್ತಿದ್ದ ಬೋಧಕರ ತರಬೇತಿ ಶಾಲೆಯನ್ನು ಗೆಸ್ಟಾಪೊ 1937ರಲ್ಲಿ ಮುಚ್ಚಿಸಿತು. ಶಿಷ್ಯತ್ವದ ಮೇಲಿನ ಅವರ ಪುಸ್ತಕ ಹೊರಬಂದದ್ದು ಅದೇ ವರ್ಷ. ಹಿಂಬಾಲಿಸದೆ ಸಿಗುವ ಕ್ಷಮೆಯನ್ನು ಅವರು ಅಗ್ಗದ ಕೃಪೆ ಎಂದು ಕರೆದರು. ಅದಕ್ಕೂ ಮುಂಚೆ, ಹಿಟ್ಲರ್ ಅಧಿಕಾರಕ್ಕೆ ಬಂದ ಎರಡೇ ದಿನಕ್ಕೆ, 1933ರ ಫೆಬ್ರವರಿ 1ರಂದು ರೇಡಿಯೊ ಭಾಷಣದಲ್ಲಿ, ಜನ ತನ್ನನ್ನು ವಿಗ್ರಹ ಮಾಡಿಕೊಳ್ಳಲು ಬಿಡುವ ನಾಯಕ ದಾರಿ ತಪ್ಪಿಸುವವನಾಗುತ್ತಾನೆ ಎಂದು ಎಚ್ಚರಿಸಿದ್ದರು. ಮಾತು ಮುಗಿಯುವ ಮೊದಲೇ ಪ್ರಸಾರ ಕಡಿತವಾಯಿತು. 1945ರ ಏಪ್ರಿಲ್ 9ರಂದು ಫ್ಲೊಸೆನ್‌ಬರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಕಥೋಲಿಕ ಸಭೆಯೂ 1964ರಲ್ಲಿ ಎರಡನೆಯ ವ್ಯಾಟಿಕನ್ ಸಮ್ಮೇಳನದ ದಾಖಲೆಯಲ್ಲಿ, ಪವಿತ್ರತೆಯ ಕರೆ ಪಾದ್ರಿ ಸನ್ಯಾಸಿಗಳಿಗಷ್ಟೇ ಸೇರಿದ್ದಲ್ಲ, ಎಲ್ಲರದು ಎಂದು ಒಂದು ಇಡೀ ಅಧ್ಯಾಯದಲ್ಲಿ ಸ್ಪಷ್ಟಪಡಿಸಿತು.

ಮಂಗಳೂರು, ಗಂಗಾಮೂಲ

ಕನ್ನಡ ನಾಡಿನಲ್ಲಿ ಈ ಪ್ರಶ್ನೆ ಜಾತಿಯ ರೂಪದಲ್ಲಿ ಎದುರಾಯಿತು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಹತ್ತು ವರ್ಷದ ಬಳಿಕ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ಕೋಲಾಹಲವಾಯಿತು. ಅವರು ಬಾಸೆಲ್‌ನಲ್ಲಿ ಓದಿ ಮಿಷನರಿಯಾಗಿ ಮರಳಿದರು. ಹೆಸರು ದಾಖಲಾಗದ ನೂರಾರು ಜನರಿಗೆ ದೀಕ್ಷಾಸ್ನಾನವೆಂದರೆ ಮನೆ, ಗೇಣಿ, ಕಸುಬು ಮೂರೂ ಒಟ್ಟಿಗೆ ಕೈತಪ್ಪುವುದು. ಅವರಿಗೆ ಹೊಟ್ಟೆಪಾಡು ಒದಗಿಸಲು ಮಿಷನ್ ನೇಯ್ಗೆ ಶಾಲೆಗಳನ್ನು ತೆರೆಯಿತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿತು. ಮಂಗಳೂರು ಹಂಚಿನ ಹಿಂದೆ ಲೂಕನ ಹದಿನಾಲ್ಕನೆಯ ಅಧ್ಯಾಯದ ಖರ್ಚಿನ ಲೆಕ್ಕವೂ ಇದೆ. ಆದರೆ ಪೀಠದ ಪ್ರಶ್ನೆ ಇಲ್ಲೂ ಬಗೆಹರಿಯಲಿಲ್ಲ. ಉಪದೇಶಿ ಸ್ಥಳೀಯ, ನಿರ್ಣಯ ಬಾಸೆಲ್‌ನ ಸಮಿತಿಯದು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧಿಸಿ ಹೊರಗೆ ಕಳಿಸಿದ ಮೇಲೆಯೇ ಸಭೆಗಳ ಹೆಚ್ಚಿನ ಭಾರ ಊರಿನವರ ಹೆಗಲಿಗೆ ಬಂತು.

ಪಂಡಿತಾ ರಮಾಬಾಯಿ 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ವಿರೋಧ ಕಟ್ಟಿಕೊಂಡಿದ್ದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಪಡೆದರು. ಅಲ್ಲಿನ ಆಂಗ್ಲಿಕನ್ ಸಹೋದರಿಯರು ಸಭೆಯ ಅಧಿಕಾರಕ್ಕೆ ವಿಧೇಯರಾಗಬೇಕು ಎಂದು ಒತ್ತಾಯಿಸಿದಾಗ, ಒಂದು ಪುರೋಹಿತ ವರ್ಗದ ನೊಗದಿಂದ ಕಷ್ಟಪಟ್ಟು ಬಿಡಿಸಿಕೊಂಡು ಬಂದವಳು ಮತ್ತೊಂದಕ್ಕೆ ಕೊರಳೊಡ್ಡಲಾರೆ ಎಂಬ ಅರ್ಥದ ಉತ್ತರ ಬರೆದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ, ನಂತರ ಪುಣೆಯ ಹತ್ತಿರದ ಕೇಡಗಾಂವ್‌ನಲ್ಲಿ ಬರಗಾಲದ ಹೆಣ್ಣುಮಕ್ಕಳಿಗೆ ಮುಕ್ತಿ ಸದನ ಕಟ್ಟಿದರು. ಯೇಸುವನ್ನು ಗುರುವಾಗಿ ಒಪ್ಪುವುದಕ್ಕೂ ಅವರ ಹೆಸರಿನಲ್ಲಿ ಪೀಠ ಏರಿದವರಿಗೆಲ್ಲ ತಲೆಬಾಗುವುದಕ್ಕೂ ಇರುವ ವ್ಯತ್ಯಾಸವನ್ನು ಅವರಷ್ಟು ತೀಕ್ಷ್ಣವಾಗಿ ಕಂಡವರು ವಿರಳ.

ಜಾತಿ ಬಿಟ್ಟು ಬಂದವರ ಹಿಂದೆಯೇ ಜಾತಿಯೂ ಸಭೆಗೆ ಬಂತು. ದಕ್ಷಿಣ ಭಾರತದ ಕೆಲವೆಡೆ ದಲಿತ ಕ್ರೈಸ್ತರಿಗೆ ಬೇರೆ ಸ್ಮಶಾನ, ಬೇರೆ ಸಾಲು ಇದ್ದದ್ದು ದಾಖಲಾಗಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶ ಅವರನ್ನು ಪಟ್ಟಿಯ ಹೊರಗಿಟ್ಟಿತು. ಸಭೆಯೊಳಗೂ ಸಮಾನ ಜಾಗ ಸಿಗಲಿಲ್ಲ. ಯಾಕೋಬನ ಪತ್ರದ ಕಾಲ ಬಳಿಯ ಜಾಗ ಇಲ್ಲಿ ಇನ್ನೂ ಹಳೆಯ ಕಥೆಯಾಗಿಲ್ಲ.

ಪೀಠ ಖಾಲಿಯಾಗುವುದಿಲ್ಲ

ಇಂದಿನ ಚರ್ಚೆಯಲ್ಲಿ ಎರಡು ದೂರುಗಳು ಮತ್ತೆ ಮತ್ತೆ ಕೇಳಿಸುತ್ತವೆ. ಡಲ್ಲಾಸ್ ವಿಲ್ಲರ್ಡ್‌ರಂಥವರು, ಸಭೆಗಳು ಕ್ರೈಸ್ತರನ್ನು ಸೇರಿಸಿಕೊಳ್ಳುತ್ತವೆ, ಶಿಷ್ಯರನ್ನಾಗಿ ಬೆಳೆಸುವುದಿಲ್ಲ ಎಂದರು. ಇನ್ನೊಂದು ದೂರು ಇದಕ್ಕೆ ತದ್ವಿರುದ್ಧ: ಶಿಷ್ಯತ್ವದ ತರಬೇತಿಯ ಹೆಸರಿನಲ್ಲಿ ಬೋಧಕರು ತಮಗೇ ಶಿಷ್ಯರನ್ನು ಮಾಡಿಕೊಳ್ಳುತ್ತಾರೆ. ಮೊದಲನೆಯ ದೂರಿಗೆ ಪಾಠಕ್ರಮ ಉತ್ತರವಾಗಬಹುದು. ಎರಡನೆಯದಕ್ಕೆ ಉತ್ತರ ಗ್ರಂಥದಲ್ಲೇ ಇದೆ, ಮತ್ತು ಅದು ಪಾಠಕ್ರಮಕ್ಕಿಂತ ಕಷ್ಟದ್ದು.

ಮತ್ತಾಯನ ಇಪ್ಪತ್ತಮೂರನೆಯ ಅಧ್ಯಾಯದಲ್ಲಿ ಯೇಸು ಮೋಶೆಯ ಪೀಠದಲ್ಲಿ ಕೂತವರ ಬಗ್ಗೆ, ಔತಣದ ಮೊದಲ ಆಸನ ಬಯಸುವವರ ಬಗ್ಗೆ ಮಾತಾಡಿ, ನೀವು ಬೋಧಕರೆಂದು ಕರೆಸಿಕೊಳ್ಳಬೇಡಿ, ನಿಮಗೆ ಬೋಧಕನೊಬ್ಬನೇ, ನೀವೆಲ್ಲ ಸಹೋದರರು ಎನ್ನುತ್ತಾರೆ. ಗುರುಪರಂಪರೆಯಲ್ಲಿ ಇಂದಿನ ಶಿಷ್ಯ ನಾಳೆಯ ಗುರು. ಪೀಠ ಒಬ್ಬರಿಂದೊಬ್ಬರಿಗೆ ಇಳಿಯುತ್ತದೆ. ಎಲೀಯನ ಕಂಬಳಿಯೂ ಎಲೀಷನಿಗೆ ಬಂತು. ಇಲ್ಲಿ ಹಾಗಿಲ್ಲ. ಲೋಕದ ಕೊನೆಯವರೆಗೂ ನಿಮ್ಮ ಸಂಗಡ ಇರುತ್ತೇನೆ ಎಂದ ಗುರುವಿನ ಪೀಠ ತೆರವಾಗುವುದೇ ಇಲ್ಲ. ನಾನು ಪೌಲನವನು, ನಾನು ಅಪೊಲ್ಲೋಸನವನು ಎಂದು ಕೊರಿಂಥದವರು ಗುಂಪು ಕಟ್ಟಿದಾಗ, ಪೌಲನು ನಿಮಗಾಗಿ ಶಿಲುಬೆಗೆ ಹೋದನೇ ಎಂದು ಪೌಲನೇ ಕೇಳಿದ್ದು ಇದೇ ಕಾರಣಕ್ಕೆ. ಅಂತಿಯೋಕ್ಯದಲ್ಲಿ ಅನ್ಯಜನರ ಜೊತೆ ಉಣ್ಣುತ್ತಿದ್ದ ಪೇತ್ರ ಯಾರಿಗೋ ಅಂಜಿ ಪಂಕ್ತಿಯಿಂದ ಹಿಂದೆ ಸರಿದಾಗ, ಶಿಷ್ಯರ ಬಳಗಕ್ಕೆ ತಡವಾಗಿ ಬಂದ ಪೌಲ ಎಲ್ಲರ ಮುಂದೆ ಅವನ ತಪ್ಪನ್ನು ಎತ್ತಿ ಹೇಳಿದ. ಮೊದಲ ಶಿಷ್ಯನೂ ಮುಖಾಮುಖಿ ತಿದ್ದಿಸಿಕೊಳ್ಳಬೇಕಾಯಿತು.

ಆದ್ದರಿಂದ ಒಂದು ಸಭೆಯ ಶಿಷ್ಯತ್ವವನ್ನು ಅಳೆಯಬೇಕಾದರೆ, ಎಷ್ಟು ಮಂದಿ ಏನೇನು ಬಿಟ್ಟು ಬಂದರು ಎಂಬ ಸಾಕ್ಷಿಗಳ ಪಟ್ಟಿ ಸಾಲದು. ಅಲ್ಲಿ ಬೋಧಕನ ತಪ್ಪನ್ನು ಅವನ ಮುಂದೆಯೇ ಹೇಳುವ ಅವಕಾಶ ಇದೆಯೇ, ಕಾಣಿಕೆಯ ಲೆಕ್ಕವನ್ನು ಕೊನೆಯ ಸಾಲಿನವನೂ ಕೇಳಬಹುದೇ, ಹಬ್ಬದ ಊಟ ಮುಗಿದ ಮೇಲೆ ಪಾತ್ರೆ ತೊಳೆಯುವವರಲ್ಲಿ ಸಮಿತಿಯವರೂ ಇರುತ್ತಾರೆಯೇ ಎಂದು ನೋಡಬೇಕು. ಬಲೆ ಬಿಡಲು ಒಂದು ಬೆಳಗು ಸಾಕಾಯಿತು. ಪೀಠದ ಆಸೆ ಬಿಡಿಸಲು ಮಾತ್ರ ಇಡೀ ಸಭೆಯೇ ಒಬ್ಬರನ್ನೊಬ್ಬರು ಪ್ರಶ್ನಿಸುತ್ತ ಬದುಕಬೇಕಾಗುತ್ತದೆ.